ಹಿಂದಿನ ಸೀಟಿನ ಬೆಲ್ಟ್ ಬಕಲ್ ಎಲ್ಲಿ ಹೋಯ್ತು? (ಅಮ್ಮ, ಮಗು, ಏರ್‌ಬ್ಯಾಗ್: ಎಲ್ಲ ಅನುಮಾನ ಒಟ್ಟಿಗೆ)

ತುಮಕೂರು_ಶಶಿ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಒಂದು ಮದುವೆಗೆ ಬೆಂಗಳೂರಿಗೆ ಹೊರಟಿದ್ದೆವು. ನಮ್ಮ ಕಾರು ಸರ್ವಿಸ್‌ಗೆ ಬಿಟ್ಟಿದ್ದರಿಂದ ಬಾಡಿಗೆ ಕಾರು ಮಾಡಿದ್ದೆ. ಮುಂದೆ ಡ್ರೈವರ್ ಪಕ್ಕ ನಾನು. ಹಿಂದೆ ಹೆಂಡತಿ, ಅಮ್ಮ, ಅಮ್ಮನ ತೊಡೆ ಮೇಲೆ ಮೂರು ವರ್ಷದ ಮಗಳು. ಹಿಂದಿನವರಿಗೂ ಬೆಲ್ಟ್ ಹಾಕಿಸೋಣ ಎಂದು ನೋಡಿದರೆ ಪಟ್ಟಿ ಇದೆ, ಸಿಕ್ಕಿಸುವ ಬಕಲ್ ಇಲ್ಲ. ಡ್ರೈವರ್ ಹುಡುಗ ಒಳ್ಳೆಯವನೇ. "ಸೀಟ್ ಕವರ್ ಕೆಳಗೆ ಸೇರ್ಕೊಂಡಿದೆ ಸರ್, ಹಿಂದೆ ಯಾರೂ ಹಾಕಲ್ಲ" ಎಂದ. ಕವರಿನ ಸಂದಿಯಲ್ಲಿ ಬೆರಳು ತೂರಿಸಿ ಹುಡುಕಿದೆ. ಗಟ್ಟಿಯಾಗಿ ಏನೋ ತಾಕಿತು. ಮೇಲಕ್ಕೆ ಎಳೆಯಬೇಕಾದರೆ ಹೊಲಿಗೆ ಬಿಚ್ಚಬೇಕಿತ್ತು. ಮುಹೂರ್ತಕ್ಕೆ ಹೊತ್ತಾಯಿತು ಎಂದು ಅಮ್ಮ ಗಡಿಬಿಡಿ ಮಾಡಿದರು. ಹೊರಟೆವು.

ದಾಬಸ್‌ಪೇಟೆ ದಾಟಿದ ಮೇಲೆ ರಾಂಗ್ ಸೈಡಲ್ಲಿ ಒಂದು ಬೈಕ್ ಎದುರಿಗೆ ಬಂತು. ಡ್ರೈವರ್ ಜೋರಾಗಿ ಬ್ರೇಕ್ ಒತ್ತಿದ. ಯಾರಿಗೂ ಗುದ್ದಲಿಲ್ಲ. ಆದರೆ ಅಮ್ಮನ ಹಣೆ ನನ್ನ ಸೀಟಿನ ಹೆಡ್‌ರೆಸ್ಟ್‌ಗೆ ಬಡಿದು ಕನ್ನಡಕ ಮುರಿಯಿತು. ಮಗಳು ಅಮ್ಮನ ಕೈಯಿಂದ ಜಾರಿ, ಎರಡು ಸೀಟಿನ ನಡುವೆ ತೂರಿ, ಗೇರ್ ಹತ್ತಿರ ಬಂದು ಬಿದ್ದಳು. ತುಟಿ ಸ್ವಲ್ಪ ಒಡೆಯಿತು, ಅಷ್ಟೇ. ಆಗ ಕಾರು 60ರ ಒಳಗೇ ಇತ್ತು. ಮದುವೆ ಮನೆಯಲ್ಲಿ ನನಗೆ ಊಟ ಸೇರಲಿಲ್ಲ.

ಈಗ ನನ್ನ ಅನುಮಾನಗಳು. ಅಮ್ಮನಿಗೆ 68. "ಸೀರೆ ಸುಕ್ಕಾಗುತ್ತೆ, ಉಸಿರು ಕಟ್ಟುತ್ತೆ" ಎಂದು ನಮ್ಮ ಕಾರಿನಲ್ಲೂ ಬೆಲ್ಟ್ ಹಾಕಲು ಒಪ್ಪುವುದಿಲ್ಲ. ಹೇಗೆ ಒಪ್ಪಿಸುವುದು? ಮಗಳಿಗೆ ಏನು ಮಾಡುವುದು? ಹೇಗೂ ಕಾರು ಬದಲಾಯಿಸುವ ಯೋಚನೆ ಇದೆ. ಆರು ಏರ್‌ಬ್ಯಾಗ್ ಇರುವ ಗಾಡಿ ತೆಗೆದುಕೊಂಡರೆ ಹಿಂದಿನವರಿಗೂ ಆಗುತ್ತದೆ ಅಲ್ವಾ?

ನಾಲ್ಕನೇ_ಬ್ಲಾಕ್

ಮಗು ಹುಷಾರಾಗಿದೆಯಲ್ಲ, ಅದು ಮುಖ್ಯ. ಬಾಡಿಗೆ ಕಾರುಗಳ ಈ ಕವರ್ ರೋಗ ಎಲ್ಲ ಕಡೆ ಇದೆ. ಏರ್‌ಪೋರ್ಟ್‌ಗೆ ವಾರಕ್ಕೊಮ್ಮೆ ಹೋಗುತ್ತೇನೆ. ಹತ್ತರಲ್ಲಿ ಏಳು ಗಾಡಿಯಲ್ಲಿ ಬಕಲ್ ಭೂಗತ.

ಗ್ಯಾರೇಜ್_ಗುರು

ದಾವಣಗೆರೆಯಲ್ಲಿ 19 ವರ್ಷದಿಂದ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಮೊದಲು ಏರ್‌ಬ್ಯಾಗ್ ವಿಷಯ ಹೇಳಿಬಿಡುತ್ತೇನೆ ಶಶಿ ಸರ್.

ಆರು ಏರ್‌ಬ್ಯಾಗ್ ಅಂದರೆ ಸಾಮಾನ್ಯವಾಗಿ ಹೀಗೆ: ಸ್ಟೇರಿಂಗ್‌ನಲ್ಲಿ ಒಂದು, ಎಡಗಡೆ ಡ್ಯಾಶ್‌ಬೋರ್ಡ್‌ನಲ್ಲಿ ಒಂದು, ಮುಂದಿನ ಎರಡು ಸೀಟಿನ ಪಕ್ಕೆಯಲ್ಲಿ ಒಂದೊಂದು, ಕಿಟಕಿಗಳ ಮೇಲೆ ಎರಡು ಕಡೆ ಪರದೆ ತರಹ ಇಳಿಯುವುದು ಒಂದೊಂದು. ಅಲ್ಲಿಗೆ ಆರು. ಹಿಂದೆ ಕೂತವರಿಗೆ ಸಿಗುವುದು ಆ ಪರದೆ ಮಾತ್ರ, ಅದೂ ಪಕ್ಕದಿಂದ ಗುದ್ದಿದರೆ. ನಿಮ್ಮ ಅಮ್ಮ ಮುಂದಕ್ಕೆ ಎಸೆದು ಬಂದಾಗ ಅವರ ಎದುರಿಗೆ ಇರುವುದು ನಿಮ್ಮ ಸೀಟಿನ ಬೆನ್ನು. ಅಲ್ಲಿ ಏರ್‌ಬ್ಯಾಗ್ ಇಲ್ಲ. ಅವರನ್ನು ಹಿಡಿಯುವುದು ಬೆಲ್ಟ್ ಒಂದೇ.

ಇನ್ನೊಂದು. ಡ್ಯಾಶ್‌ಬೋರ್ಡ್ ಮೇಲೆ "ಎಸ್‌ಆರ್‌ಎಸ್" ಅಂತ ಬರೆದಿರುತ್ತದೆ ನೋಡಿ. ಏರ್‌ಬ್ಯಾಗ್ ವ್ಯವಸ್ಥೆಯ ಹೆಸರು ಅದು. ಅದರ ಮೊದಲ ಎಸ್ ಸಪ್ಲಿಮೆಂಟಲ್, ಅಂದರೆ ಹೆಚ್ಚುವರಿ. ಊಟ ಬೆಲ್ಟು, ಉಪ್ಪಿನಕಾಯಿ ಏರ್‌ಬ್ಯಾಗು.

ಹೈವೇ_ಬಸು

ಎಲ್ಲ ಓದಿದೆ. ನಾನು 22 ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಹಿಂದೆ ಕೂತವರಿಗೆ ಒಂದು ದಿನವೂ ಬೆಲ್ಟ್ ಹಾಕಿಸಿಲ್ಲ. ಸಾವು ಬರೆದಿದ್ದರೆ ಬೆಲ್ಟ್ ತಡೆಯುತ್ತಾ? 2024ರ ಡಿಸೆಂಬರ್‌ನಲ್ಲಿ ನೆಲಮಂಗಲದ ಹತ್ತಿರ ಕಂಟೇನರ್ ಲಾರಿ ಕಾರಿನ ಮೇಲೆ ಉರುಳಿ ಆರು ಜನ ಹೋದರು. ಸೇಫ್ಟಿಗೆ ಹೆಸರಾದ ಕಂಪನಿಯ ಕಾರು ಅದು. ಯಾವ ಬೆಲ್ಟ್, ಯಾವ ಏರ್‌ಬ್ಯಾಗ್ ಏನು ಮಾಡಿತು?

ಸುಮ್ನೆ_ಓದುವವಳು

ಬಸು ಅಣ್ಣ, ಸಿಡಿಲು ಬಡಿದರೆ ಛತ್ರಿ ಉಪಯೋಗಕ್ಕೆ ಬರಲ್ಲ ಅಂತ ಮಳೆಯಲ್ಲಿ ನೆನೆಯುತ್ತೀರಾ?

ಹೈವೇ_ಬಸು

@ಸುಮ್ನೆ_ಓದುವವಳು ಮಾತು ಚೆನ್ನಾಗಿದೆ. ಉತ್ತರ ಅಲ್ಲ.

ಡಾಕ್ಟರಮ್ಮ_ಹಾವೇರಿ

ಹಾಗಾದರೆ ಉತ್ತರ ನಾನು ಕೊಡುತ್ತೇನೆ. ಆರು ವರ್ಷ ಹೈವೇ ಪಕ್ಕದ ಒಂದು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡಿದ್ದೇನೆ. ಕಾರು ಅಪಘಾತದವರು ಬಂದರೆ ಶರ್ಟ್ ಕತ್ತರಿಸುತ್ತಿದ್ದ ಹಾಗೆ ಗೊತ್ತಾಗುತ್ತದೆ. ಬೆಲ್ಟ್ ಹಾಕಿದ್ದವರಿಗೆ ಭುಜದಿಂದ ಸೊಂಟಕ್ಕೆ ಅಡ್ಡಡ್ಡ ನೀಲಿಗಟ್ಟಿದ ಪಟ್ಟಿ ಇರುತ್ತದೆ. ನೋವು ಎಂದು ಕೂಗುತ್ತಿರುತ್ತಾರೆ, ಎದೆ ಮೂಳೆ ಬಿರುಕು ಬಿಟ್ಟಿರಲೂಬಹುದು. ಆದರೆ ಕೂಗುತ್ತಿರುತ್ತಾರಲ್ಲ. ಹಿಂದಿನ ಸೀಟಿನಿಂದ ಎಸೆದು ಬಂದವರು ಎಷ್ಟೋ ಸಲ ಕೂಗುವುದಿಲ್ಲ. ತಲೆಗೆ, ಕತ್ತಿಗೆ ಪೆಟ್ಟು.

ಜನ ಯೋಚಿಸದ ಒಂದು ವಿಷಯ ಇದೆ. ಹಿಂದೆ ಬೆಲ್ಟ್ ಇಲ್ಲದೆ ಕೂತವರು ತಾವು ಮಾತ್ರ ಸಾಯುವುದಿಲ್ಲ. 70 ಕೆಜಿ ಮನುಷ್ಯ ಮುಂದಿನ ಸೀಟಿಗೆ ಹೋಗಿ ಬಡಿಯುತ್ತಾನೆ. ಮುಂದೆ ಕೂತವನು ಬೆಲ್ಟ್ ಹಾಕಿದ್ದರೂ ಬೆಲ್ಟಿಗೂ ಹಿಂದಿನಿಂದ ಬಂದ ಸೀಟಿಗೂ ನಡುವೆ ಸಿಕ್ಕಿಕೊಳ್ಳುತ್ತಾನೆ.

ಟಾಟಾ ಸನ್ಸ್ ಅಧ್ಯಕ್ಷರಾಗಿದ್ದ ಸೈರಸ್ ಮಿಸ್ತ್ರಿ ಹೋಗಿದ್ದು ನೆನಪಿದೆಯಾ? 2022ರ ಸೆಪ್ಟೆಂಬರ್ 4, ಪಾಲ್ಘರ್ ಹತ್ತಿರ ಸೂರ್ಯಾ ನದಿ ಸೇತುವೆ. ಬೆಂಜ್ ಕಾರು. ಮುಂದಿದ್ದ ಇಬ್ಬರು ತುಂಬಾ ಪೆಟ್ಟಾದರೂ ಬದುಕಿದರು. ಹಿಂದಿದ್ದ ಇಬ್ಬರೂ ಹೋದರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು.

ಧಾರವಾಡ_ಪೇಡೆ

ಅದಾದ ಮೇಲೆ ಎರಡು ತಿಂಗಳು ಎಲ್ಲರೂ ಹಿಂದೆ ಬೆಲ್ಟ್ ಹಾಕಿದರು ನೋಡ್ರಿ. ಸಂಕ್ರಾಂತಿ ಬರೋದ್ರೊಳಗೆ ಮರೆತೇ ಹೋಯಿತು.

ನಾಲ್ಕನೇ_ಬ್ಲಾಕ್

ಕಾನೂನು ಮೊದಲಿಂದಲೂ ಇತ್ತು ಎನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಮುಂದಕ್ಕೆ ಮುಖ ಮಾಡಿರುವ ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು ಎಂದು ಕೇಂದ್ರದ ಮೋಟಾರು ವಾಹನ ನಿಯಮ 138ರಲ್ಲೇ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194ಬಿ ಸೆಕ್ಷನ್ ಸೇರಿಸಿದರು. ಬೆಲ್ಟ್ ಹಾಕದಿದ್ದರೆ 1,000 ರೂಪಾಯಿ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೂ ಅಷ್ಟೇ ದಂಡ. ತೊಡೆ ಮೇಲೆ ಕೂರಿಸಿಕೊಂಡರೆ ಲೆಕ್ಕಕ್ಕಿಲ್ಲ.

ಬಸು ಅವರಿಗೆ ಒಂದು ಅಂಕಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715. ಅದರಲ್ಲಿ ಡ್ರೈವರ್‌ಗಳು 8,384. ಉಳಿದ ಅರ್ಧ ಸುಮ್ನೆ ಕೂತಿದ್ದವರು.

ಮಂಡ್ಯ_ಬೆಲ್ಲ

ದಂಡ ಅಂದಾಗ ನೆನಪಾಯಿತು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕ್ಯಾಮೆರಾ ಹಾಕಿದ್ದಾರಲ್ಲ, ಅದು ಬೆಲ್ಟನ್ನೂ ನೋಡುತ್ತದೆ. ನಾನು ಬೆಲ್ಟ್ ಹಾಕಿದ್ದೆ. ಆದರೆ ಕಪ್ಪು ಅಂಗಿ. ಕಪ್ಪು ಅಂಗಿ ಮೇಲೆ ಕಪ್ಪು ಬೆಲ್ಟ್ ಕಾಣಲಿಲ್ಲ ಅನಿಸುತ್ತದೆ, ಮೊಬೈಲಿಗೆ ನೋಟಿಸ್ ಬಂತು! ಆವತ್ತಿಂದ ಮೈಸೂರಿಗೆ ಹೋಗುವಾಗ ಬಿಳಿ ಶರ್ಟ್.

ಧಾರವಾಡ_ಪೇಡೆ

ರಾಜಕೀಯಕ್ಕೆ ಇಳಿದಿರಿ ಅಂತ ತಿಳ್ಕೊಂಡಾರು.

ಮಂಡ್ಯ_ಬೆಲ್ಲ

ಮಂಡ್ಯದಲ್ಲಿ ಹುಟ್ಟಿದ ಮೇಲೆ ಬೇರೆ ಇಳಿಯುವುದೇನಿದೆ ಸಾರ್.

ಹೈವೇ_ಬಸು

ಸರಿ, ಹಿಂದಿನ ಸೀಟು ಬಿಡಿ. ಮುಂದಿನದಕ್ಕೆ ನಾನು, ಬೆಲ್ಟ್ ಹಾಕದಿದ್ದರೆ ಬರುವ ಆ ಬೀಪ್ ನಿಲ್ಲಿಸಲು ಬಕಲ್‌ಗೆ ಸಿಕ್ಕಿಸುವ ಕ್ಲಿಪ್ ಹಾಕಿಕೊಂಡಿದ್ದೇನೆ. ಊರೊಳಗೆ ಹತ್ತು ನಿಮಿಷಕ್ಕೆ ಹತ್ತು ಸಲ ಇಳಿಯುವ ಕೆಲಸ ನನ್ನದು. ಬೆಲ್ಟ್ ಹಾಕದಿದ್ದರೆ ಏರ್‌ಬ್ಯಾಗ್ ತೆರೆಯುವುದಿಲ್ಲ ಅಂತ ಹೇಳುತ್ತಾರಲ್ಲ, ಕ್ಲಿಪ್ ಸಿಕ್ಕಿಸಿದರೆ ಗಾಡಿಗೆ ಬೆಲ್ಟ್ ಹಾಕಿದ ಲೆಕ್ಕ. ಏರ್‌ಬ್ಯಾಗ್ ತೆರೆಯುತ್ತದೆ. ಮುಗಿಯಿತಲ್ಲ?

ಗ್ಯಾರೇಜ್_ಗುರು

ಬಸು ಅಣ್ಣ, ದಯವಿಟ್ಟು ಇವತ್ತೇ ಆ ಕ್ಲಿಪ್ ಕಿತ್ತು ಬಿಸಾಕಿ. ನಿಮ್ಮ ಲೆಕ್ಕ ಉಲ್ಟಾ ಇದೆ.

ಬೆಲ್ಟ್ ಇಲ್ಲದಿದ್ದರೆ ಏರ್‌ಬ್ಯಾಗ್ ತೆರೆಯಲ್ಲ ಅನ್ನುವುದು ಎಲ್ಲ ಕಾರಿಗೂ ನಿಜ ಅಲ್ಲ. ಬಹಳಷ್ಟು ಕಾರಿನಲ್ಲಿ ಬೆಲ್ಟ್ ಇರಲಿ ಬಿಡಲಿ, ಪೆಟ್ಟು ಜೋರಾಗಿದ್ದರೆ ತೆರೆಯುತ್ತದೆ. ಕೆಲವು ಕಾರಿನ ಕಂಪ್ಯೂಟರ್ ಬಕಲ್ ಸಿಕ್ಕಿಸಿದೆಯೋ ಇಲ್ಲವೋ ನೋಡಿ ಯಾವ ಪೆಟ್ಟಿಗೆ ತೆರೆಯಬೇಕು ಅಂತ ತೀರ್ಮಾನ ಮಾಡುತ್ತದೆ. ನೀವು ಕ್ಲಿಪ್ ಹಾಕಿದರೆ ಅದಕ್ಕೆ ಸುಳ್ಳು ಹೇಳಿದ ಹಾಗೆ.

ಏರ್‌ಬ್ಯಾಗ್ ದಿಂಬಿನ ತರಹ ಮೆತ್ತಗೆ ಬಂದು ಕೂರುವುದಿಲ್ಲ. ಒಳಗೆ ಒಂದು ಸಣ್ಣ ಮದ್ದಿನ ಸ್ಫೋಟ. ಗುದ್ದಿದ ಕ್ಷಣದಿಂದ ಸುಮಾರು 30-50 ಮಿಲಿಸೆಕೆಂಡ್ ಒಳಗೆ ಚೀಲ ತುಂಬಿರಬೇಕು. ಕಣ್ಣು ಮಿಟುಕಿಸುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಚೀಲ ಮುಖದ ಕಡೆ ಬರುವ ವೇಗ ಗಂಟೆಗೆ ಸುಮಾರು 300 ಕಿಲೋಮೀಟರ್. ಬೆಲ್ಟ್ ನಿಮ್ಮನ್ನು ಸೀಟಿಗೆ ಒತ್ತಿ ಹಿಡಿದಿದ್ದರೆ, ಚೀಲ ಪೂರ್ತಿ ತುಂಬಿ ಗಾಳಿ ಬಿಡಲು ಶುರು ಮಾಡುವ ಹೊತ್ತಿಗೆ ನಿಮ್ಮ ಮುಖ ಅದಕ್ಕೆ ತಾಗುತ್ತದೆ. ಬೆಲ್ಟ್ ಇಲ್ಲದಿದ್ದರೆ ಬ್ರೇಕ್ ಒತ್ತಿದಾಗಲೇ ಮುಂದಕ್ಕೆ ವಾಲಿರುತ್ತೀರಿ. ಚೀಲ ಇನ್ನೂ ಸಿಡಿಯುತ್ತಿರುವಾಗಲೇ ಮುಖ ಅಲ್ಲಿರುತ್ತದೆ. ಕಾಪಾಡಬೇಕಾದದ್ದೇ ಹೊಡೆಯುತ್ತದೆ.

ಏರ್‌ಬ್ಯಾಗ್ ಕೆಲಸ ಒಂದೇ ಸಲ. ಡಿವೈಡರ್‌ಗೆ ಗುದ್ದಿ, ಆಮೇಲೆ ತಿರುಗಿ ಲಾರಿಗೆ ಗುದ್ದಿದರೆ, ಎರಡನೇ ಪೆಟ್ಟಿಗೆ ಅದು ಖಾಲಿ ಚೀಲ. ಬೆಲ್ಟ್ ಮಾತ್ರ ಇನ್ನೂ ಹಿಡಿದಿರುತ್ತದೆ.

ನಾಲ್ಕನೇ_ಬ್ಲಾಕ್

ಆ ಕ್ಲಿಪ್ ಮಾರಾಟಕ್ಕೆ 2023ರಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕತ್ತರಿ ಹಾಕಿತ್ತು. ಐದು ಆನ್‌ಲೈನ್ ಅಂಗಡಿಗಳಿಂದ 13,118 ಲಿಸ್ಟಿಂಗ್ ತೆಗೆಸಿದರು. ಕೆಲವರು ಅದನ್ನು ಬಾಟಲಿ ಓಪನರ್, ಸಿಗರೇಟ್ ಲೈಟರ್ ಎಂಬ ವೇಷದಲ್ಲಿ ಮಾರುತ್ತಿದ್ದರಂತೆ. ಕುಡಿದು ಓಡಿಸಿ, ಬೆಲ್ಟ್ ಹಾಕಬೇಡಿ, ಎರಡೂ ಒಂದೇ ಪ್ಯಾಕೆಟ್‌ನಲ್ಲಿ!

ಲೆಕ್ಕದ_ಮೇಷ್ಟ್ರು

ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವನು ನಾನು. ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನು ಲೆಕ್ಕ ಮಾಡಿಸುತ್ತೇನೆ. 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದೂ, ಸುಮಾರು 10 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದೂ ಒಂದೇ. ಸಾಧಾರಣ ತೆಂಗಿನ ಮರದ ತುದಿ ಎಂದುಕೊಳ್ಳಿ. 80 ಆದರೆ 25 ಮೀಟರ್, ಅಂದರೆ ಎಂಟು ಮಹಡಿ. ತೆಂಗಿನ ಮರ ಹತ್ತುವವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡರೆ ಹೆದರುಪುಕ್ಕಲ ಅಂತ ಯಾರೂ ನಗುವುದಿಲ್ಲ ಅಲ್ವಾ?

ಶಶಿಯವರ ಮಗಳ ಲೆಕ್ಕವನ್ನೂ ಮಾಡೋಣ. 50ರಲ್ಲಿ ಗುದ್ದಿದ ಕಾರು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಂಡರೆ, ಮೈ ತೂಕ 28 ಪಟ್ಟು ಆದ ಹಾಗೆ. ಮಗು 14 ಕೆಜಿ ಇದ್ದರೆ ಆ ಕ್ಷಣ ಅಜ್ಜಿಯ ಕೈಯಲ್ಲಿ ಸುಮಾರು 390 ಕೆಜಿ. ಅಜ್ಜಿಯ ಪ್ರೀತಿ ಎಷ್ಟೇ ಇರಲಿ, ಪೈಲ್ವಾನನ ಕೈಯಲ್ಲೂ ನಿಲ್ಲುವುದಿಲ್ಲ. ಅವತ್ತು ಬರೀ ಬ್ರೇಕ್ ಆದ್ದರಿಂದ ತುಟಿಗೆ ಮುಗಿಯಿತು.

ತುಮಕೂರು_ಶಶಿ

ಮೇಷ್ಟ್ರೇ, ಈ ಲೆಕ್ಕವನ್ನು ಅಮ್ಮನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಮಗಳನ್ನು ಎತ್ತಿಕೊಂಡು ಕೂತರು.

ನ್ಯೂಜೆರ್ಸಿ_ನಾಣಿ

ಇಲ್ಲಿ ನಮ್ಮ ಮಗ ಹುಟ್ಟಿದಾಗ ಆಸ್ಪತ್ರೆಯಿಂದ ಬಿಡುವ ದಿನ ನರ್ಸ್ ಮೊದಲು ಕೇಳಿದ್ದು "ಕಾರ್ ಸೀಟ್ ತಂದಿದ್ದೀರಾ?" ಎಂದು. ನಮ್ಮತ್ತೆ ಊರಿಂದ ಬಂದಿದ್ದರು. "ಎರಡು ದಿನದ ಕೂಸನ್ನು ಬಕೆಟ್‌ನಲ್ಲಿ ಕಟ್ಟಿ ಒಯ್ಯುತ್ತೀರಾ" ಎಂದು ಅತ್ತೇಬಿಟ್ಟರು. ಮನೆ ತಲುಪುವವರೆಗೂ ಆ ಸೀಟಿನ ಮೇಲೆ ಒಂದು ಕೈ ಇಟ್ಟುಕೊಂಡೇ ಕೂತಿದ್ದರು.

ಶಶಿ ಅವರೇ, ಮೂರು ವರ್ಷದ ಮಗುವಿಗೆ ಐದು ಕಡೆ ಹಿಡಿಯುವ ಸ್ವಂತ ಬೆಲ್ಟ್ ಇರುವ ಸೀಟು ಬೇಕು: ಎರಡು ಭುಜ, ಎರಡು ಸೊಂಟ, ಕಾಲಿನ ನಡುವೆ ಒಂದು. ಸೀಟಿನ ಮಿತಿಯೊಳಗೆ ಮಗುವಿನ ತೂಕ, ಎತ್ತರ ಇರುವವರೆಗೂ ಹಿಂದಕ್ಕೆ ಮುಖ ಮಾಡಿ ಕೂರಿಸುವುದು ಇನ್ನೂ ಒಳ್ಳೆಯದು. ಚಿಕ್ಕ ಮಕ್ಕಳ ತಲೆ ಭಾರ, ಕತ್ತು ಎಳಸು. ಹಿಂದಕ್ಕೆ ಮುಖ ಇದ್ದರೆ ಪೆಟ್ಟನ್ನು ಇಡೀ ಬೆನ್ನು ಹಂಚಿಕೊಳ್ಳುತ್ತದೆ. ನಿಮ್ಮ ಕಾರಿನಲ್ಲಿ ಐಸೋಫಿಕ್ಸ್, ಅಂದರೆ ಮಕ್ಕಳ ಸೀಟನ್ನು ಕಾರಿಗೆ ಸಿಕ್ಕಿಸುವ ಕೊಂಡಿ ಇದೆಯಾ ನೋಡಿ. ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಜಾಗದ ಸಂದಿಯಲ್ಲಿ ಕೈಯಾಡಿಸಿದರೆ ಕಬ್ಬಿಣದ ಸಣ್ಣ ಬಳೆ ತರಹ ಸಿಗುತ್ತದೆ.

ಹೈವೇ_ಬಸು

ಅಮೆರಿಕ ಕಥೆ ಬಂತು. ಇನ್ನು ಎರಡು ದಿನ ಬಿಡಲ್ಲ.

ನ್ಯೂಜೆರ್ಸಿ_ನಾಣಿ

@ಹೈವೇ_ಬಸು ಅಮೆರಿಕದಲ್ಲೂ ನಿಮ್ಮಂಥವರಿಗೆ ಒಂದು ರಾಜ್ಯ ಇದೆ ಸರ್. ನ್ಯೂ ಹ್ಯಾಂಪ್‌ಶೈರ್. ದೊಡ್ಡವರಿಗೆ ಬೆಲ್ಟ್ ಕಡ್ಡಾಯ ಇಲ್ಲ. ವೀಸಾ ಮಾಡಿಸಿ ಬನ್ನಿ.

ಕಡಲತಡಿ_ಮಂಗಳೂರು

ಮಕ್ಕಳ ಸೀಟಿನ ಬಗ್ಗೆ ಒಂದು ಮುಖ್ಯ ಮಾತು ಯಾರೂ ಹೇಳಲಿಲ್ಲ ಮಾರಾಯ್ರೆ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಚಾಲೂ ಇದ್ದರೆ ಹಿಂದಕ್ಕೆ ಮುಖ ಮಾಡುವ ಮಕ್ಕಳ ಸೀಟನ್ನು ಅಲ್ಲಿ ಕಟ್ಟಲೇಬಾರದು. ಚೀಲ ನೇರ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂದೆಯೇ ಹೊಡೆಯುತ್ತದೆ. ಎಡಗಡೆಯ ಸನ್‌ವೈಸರ್ ಇಳಿಸಿ ನೋಡಿ. ಮಕ್ಕಳ ಸೀಟಿನ ಚಿತ್ರದ ಮೇಲೆ ಕೆಂಪು ಗೀಟು ಎಳೆದ ಸ್ಟಿಕ್ಕರ್ ಇರುತ್ತದೆ. ನಮ್ಮವರು ಅದರ ಮೇಲೆ ಪಾರ್ಕಿಂಗ್ ಚೀಟಿ ಸಿಕ್ಕಿಸಿರುತ್ತಾರೆ.

12 ವರ್ಷದವರೆಗೂ ಮಕ್ಕಳಿಗೆ ಹಿಂದಿನ ಸೀಟೇ ಸರಿ. ಸನ್‌ರೂಫ್‌ನಿಂದ ತಲೆ ಹೊರಗೆ ಹಾಕಿ ನಿಲ್ಲಿಸುವ ಅಪ್ಪಂದಿರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಬರೆದರೆ ಅಡ್ಮಿನ್ ನನ್ನನ್ನೇ ಹೊರಗೆ ಹಾಕುತ್ತಾರೆ.

ಸುಮ್ನೆ_ಓದುವವಳು

ನನ್ನದೊಂದು ಪ್ರಶ್ನೆ. ನಾನು ಕುಳ್ಳಿ, ಐದಡಿಗೂ ಸ್ವಲ್ಪ ಕಮ್ಮಿ. ಕ್ಲಚ್ ಸಿಗಲಿ ಎಂದು ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು ಓಡಿಸುತ್ತೇನೆ. ಸ್ಟೇರಿಂಗ್ ಹೆಚ್ಚು ಕಮ್ಮಿ ಎದೆಗೇ ತಾಗುತ್ತದೆ. ಏರ್‌ಬ್ಯಾಗ್ ತೆರೆದರೆ ಗತಿ ಏನು? ಈಗ ಐದು ತಿಂಗಳ ಬಸುರಿ ಬೇರೆ.

ಡಾಕ್ಟರಮ್ಮ_ಹಾವೇರಿ

ಒಳ್ಳೆಯ ಪ್ರಶ್ನೆ. ಎದೆಮೂಳೆಯಿಂದ ಸ್ಟೇರಿಂಗ್ ಮಧ್ಯದವರೆಗೆ ಕಡಿಮೆ ಎಂದರೆ 25 ಸೆಂಟಿಮೀಟರ್ ಇರಬೇಕು. ಒಂದು ಗೇಣಿಟ್ಟು ನೋಡಿ, ಅದಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಸೀಟನ್ನು ಒಂದೆರಡು ಹಲ್ಲು ಹಿಂದಕ್ಕೆ ತಳ್ಳಿ, ಬೆನ್ನನ್ನು ಸ್ವಲ್ಪ ಮಾತ್ರ ಒರಗಿಸಿ. ಎತ್ತರ ಹೊಂದಿಸುವ ಹಿಡಿ ಇದ್ದರೆ ಸೀಟು ಮೇಲೆತ್ತಿ, ಸ್ಟೇರಿಂಗ್ ಕೆಳಗಿಳಿಸಿ. ಚೀಲ ಮುಖದ ಕಡೆ ಅಲ್ಲ, ಎದೆಯ ಕಡೆ ನೋಡುವಂತಿರಲಿ. ಹೊಟ್ಟೆ ಬೆಳೆದ ಮೇಲೆ ಅಂತರ ಸಿಗದಿದ್ದರೆ ಬೇರೆಯವರು ಓಡಿಸಲಿ.

ಬಸುರಿಯರು ಬೆಲ್ಟ್ ಹಾಕಬಾರದು ಎನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಹಾಕಲೇಬೇಕು. ಸೊಂಟದ ಪಟ್ಟಿ ಹೊಟ್ಟೆಯ ಕೆಳಗೆ, ತೊಡೆ ಶುರುವಾಗುವಲ್ಲಿ, ಮೂಳೆಯ ಮೇಲೆ ಕೂರಬೇಕು. ಹೊಟ್ಟೆಯ ಮೇಲೆ ಎಂದೂ ಬೇಡ. ಭುಜದ ಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕದಿಂದ ಇಳಿಯಲಿ.

ಶಶಿಯವರ ತಾಯಿಗೂ ಇದೇ ಮಾತು. "ಉಸಿರು ಕಟ್ಟುತ್ತೆ" ಎನ್ನುವ ಹಿರಿಯರ ಬೆಲ್ಟ್ ನೋಡಿದರೆ ಅದು ಕತ್ತಿನ ಮೇಲೆ ಇರುತ್ತದೆ, ಇಲ್ಲವೇ ಹೊಟ್ಟೆಯ ಮೇಲೆ ಏರಿರುತ್ತದೆ. ಭುಜದ ಮಧ್ಯೆ ಮತ್ತು ಸೊಂಟದ ಮೂಳೆಯ ಮೇಲೆ ಕೂರಿಸಿದರೆ ಉಸಿರಿಗೆ ಏನೂ ತೊಂದರೆ ಇಲ್ಲ. ಕೆಲವರು ಕಂಕುಳ ಕೆಳಗೆ ತೂರಿಸಿಕೊಳ್ಳುತ್ತಾರೆ. ಅದು ಬೇಡವೇ ಬೇಡ. ಪಕ್ಕೆಲುಬು ಮುರಿದು ಲಿವರಿಗೆ ಚುಚ್ಚುತ್ತದೆ. ಹೊಟ್ಟೆ ಮೇಲೆ ಬೆಲ್ಟ್ ಇದ್ದ ಒಬ್ಬರು ನಮ್ಮಲ್ಲಿಗೆ ನಡೆದುಕೊಂಡೇ ಬಂದಿದ್ದರು, ಬರೀ ಹೊಟ್ಟೆನೋವು ಎಂದು. ಕರುಳು ಹರಿದಿತ್ತು.

ಸೀಟು ಪೂರ್ತಿ ಮಲಗಿಸಿ ನಿದ್ದೆ ಮಾಡುವವರೂ, ಡ್ಯಾಶ್‌ಬೋರ್ಡ್ ಮೇಲೆ ಕಾಲು ಚಾಚುವವರೂ ಇದನ್ನು ಓದಿಕೊಳ್ಳಿ. ಮಲಗಿದರೆ ಬೆಲ್ಟ್ ಕೆಳಗಿಂದ ಜಾರಿ ಹೋಗುತ್ತೀರಿ. ಕಾಲು ಚಾಚಿದಾಗ ಚೀಲ ತೆರೆದರೆ ಮಂಡಿ ಬಂದು ಮುಖಕ್ಕೆ ಬಡಿಯುತ್ತದೆ. ತೊಡೆಮೂಳೆ, ಸೊಂಟ ಎರಡೂ ಹೋಗುತ್ತವೆ.

ಸುಮ್ನೆ_ಓದುವವಳು

ಗೇಣು ಹಾಕಿ ನೋಡಿದೆ. ಅರ್ಧ ಗೇಣು ಇತ್ತು! ಸೀಟು ಸರಿಸಿದೆ. ಪೆಡಲ್ ಈಗಲೂ ಸಿಗುತ್ತದೆ. ಇಷ್ಟು ದಿನ ಸುಮ್ನೆ ಅಂಟಿಕೊಂಡು ಕೂತಿದ್ದೆ.

ಮಂಡ್ಯ_ಬೆಲ್ಲ

ನಮ್ಮ ಭಾವನ ಕಾರಿನಲ್ಲಿ ಏರ್‌ಬ್ಯಾಗ್ ತೆರೆದಿತ್ತು. ಪಟಾಕಿ ಕಿವಿ ಪಕ್ಕ ಸಿಡಿದ ಹಾಗೆ ಸದ್ದಂತೆ. ಕಾರಿನ ತುಂಬಾ ಬಿಳಿ ಹೊಗೆ. ಬೆಂಕಿ ಹತ್ತಿದೆ ಅಂದುಕೊಂಡು ಬಾಗಿಲು ಒದ್ದು ಆಚೆ ಬಂದಿದ್ದಾರೆ. ಆಮೇಲೆ ನೋಡಿದರೆ ಪೌಡರ್. ಮುಂಗೈ ತರಚಿ ಸುಟ್ಟ ಹಾಗೆ ಕೆಂಪಾಗಿತ್ತು. ಸ್ಟೇರಿಂಗ್ ಮೇಲೆ ಕೈ ಅಡ್ಡ ಹಾಕಿ ಓಡಿಸುವ ಶೋಕಿ ಅವರದು.

ಗ್ಯಾರೇಜ್_ಗುರು

ಪೌಡರ್ ಚೀಲ ಅಂಟಿಕೊಳ್ಳದ ಹಾಗೆ ಹಾಕಿರುತ್ತಾರೆ. ಕೈ ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಇರಲಿ, ಹಾರ್ನ್ ಮೇಲೆ ಅಡ್ಡ ಬರಬಾರದು.

ಈಗ ಜಗಳ ಆಗುವ ವಿಷಯ ಹೇಳುತ್ತೇನೆ. ಡ್ಯಾಶ್‌ಬೋರ್ಡ್ ಮೇಲಿನ ದೇವರು. ಎಡಗಡೆ "ಏರ್‌ಬ್ಯಾಗ್" ಎಂದು ಬರೆದಿರುವ ಕಡೆ ಜನ ಕಲ್ಲಿನ ಗಣಪ, ಹಿತ್ತಾಳೆ ಆಂಜನೇಯ, ಸೆಂಟ್ ಬಾಟಲಿ ಅಂಟಿಸುತ್ತಾರೆ. ಆ ಮುಚ್ಚಳ ಹರಿದುಕೊಂಡು ಚೀಲ ಬರುವಾಗ ಗಣಪ ಗುಂಡಿನ ಹಾಗೆ ಹೊರಡುತ್ತಾನೆ. ಎದುರಿಗೆ ಇರುವುದು ಪಕ್ಕದ ಸೀಟಿನವರ ಮುಖ.

ಹೈವೇ_ಬಸು

ದೇವರನ್ನೂ ಬಿಡುವುದಿಲ್ಲ ನೀವು.

ಗ್ಯಾರೇಜ್_ಗುರು

ನನ್ನ ಕಾರಲ್ಲೂ ಆಂಜನೇಯ ಇದ್ದಾನೆ ಅಣ್ಣ. ಸಣ್ಣ ಸ್ಟಿಕ್ಕರ್, ಮಧ್ಯದಲ್ಲಿ, ಎಸಿ ಕಿಂಡಿ ಕೆಳಗೆ.

ಕಡಲತಡಿ_ಮಂಗಳೂರು

ಸೀಟ್ ಕವರ್ ಬಗ್ಗೆಯೂ ಹೇಳಿ ಗುರುಗಳೇ. ಪಕ್ಕೆಯಲ್ಲಿ ಏರ್‌ಬ್ಯಾಗ್ ಇರುವ ಸೀಟಿಗೆ ದಪ್ಪ ರೆಕ್ಸಿನ್ ಹೊಲಿಸಿದರೆ ಅದು ಹರಿದುಕೊಂಡು ಹೇಗೆ ಬರುತ್ತದೆ? ನಮ್ಮಲ್ಲಿ ಹೊಸ ಕಾರು ಶೋರೂಂನಿಂದ ಹೊರಗೆ ಬಂದ ದಿನವೇ ಕವರ್ ಅಂಗಡಿಗೆ ಹೋಗುತ್ತದೆ.

ಗ್ಯಾರೇಜ್_ಗುರು

ಸೀಟಿನ ಹೊರ ಪಕ್ಕೆಯಲ್ಲಿ ಸಣ್ಣ ಬಟ್ಟೆ ಚೀಟಿ ಇರುತ್ತದೆ, "ಏರ್‌ಬ್ಯಾಗ್" ಎಂದು. ಅದಿದ್ದರೆ ಆ ಜಾಗ ತೆರೆದಿರುವ, ಅಥವಾ ಅಲ್ಲಿ ಸುಲಭವಾಗಿ ಹರಿಯುವ ಹೊಲಿಗೆ ಹಾಕಿದ ಕವರೇ ಬೇಕು. ದಪ್ಪ ದಾರದ ಹೊಲಿಗೆ ಹಾಕಿದರೆ ಚೀಲ ಹೊರಗೆ ಬರುವುದು ತಡವಾಗುತ್ತದೆ, ಇಲ್ಲವೇ ಬೇರೆ ಕಡೆ ತಿರುಗುತ್ತದೆ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸುವುದೂ ಅದೇ ತರಹದ ತಪ್ಪು. ಪೆಟ್ಟಿನ ಲೆಕ್ಕವೇ ಸೆನ್ಸರಿಗೆ ಸರಿಯಾಗಿ ಸಿಗುವುದಿಲ್ಲ. 2017ರಲ್ಲೇ ಕೇಂದ್ರ ಅದನ್ನು ತೆಗೆಸಿ ಎಂದು ರಾಜ್ಯಗಳಿಗೆ ಬರೆದಿತ್ತು.

ಸೆಕೆಂಡ್ ಹ್ಯಾಂಡ್ ಕಾರು ನೋಡುವವರಿಗೆ ಒಂದು ಗುಟ್ಟು. ಕೀ ಆನ್ ಮಾಡಿದ ತಕ್ಷಣ ಏರ್‌ಬ್ಯಾಗ್ ದೀಪ ಹತ್ತಬೇಕು, ಕೆಲವು ಸೆಕೆಂಡ್ ಆದ ಮೇಲೆ ಆರಬೇಕು. ಹತ್ತಿ ಹಾಗೇ ಉಳಿದರೆ ದೋಷ ಇದೆ. ಹತ್ತಲೇ ಇಲ್ಲ ಅಂದರೆ ಅದಕ್ಕಿಂತ ಕೆಟ್ಟದ್ದು, ಯಾರೋ ದೀಪವನ್ನೇ ಕಿತ್ತಿರುತ್ತಾರೆ. ಒಂದು ಕಾರು ನನ್ನ ಹತ್ತಿರ ಬಂದಿತ್ತು. ಸ್ಟೇರಿಂಗ್ ಮುಚ್ಚಳ ತೆಗೆದೆ. ಚೀಲ ಇರಬೇಕಾದ ಜಾಗದಲ್ಲಿ ಮಡಚಿದ ನ್ಯೂಸ್ ಪೇಪರ್, ಕಂಪ್ಯೂಟರ್‌ಗೆ ಮೋಸ ಮಾಡಲು ತಂತಿಗೆ ಒಂದು ರೆಸಿಸ್ಟರ್. ಓನರ್ ಮುಖ ನೋಡಲು ಆಗಲಿಲ್ಲ. ಹಳದಿ ಕನೆಕ್ಟರ್ ಕಂಡರೆ ನೀವೇ ಕೈ ಹಾಕಬೇಡಿ, ಅದು ಏರ್‌ಬ್ಯಾಗ್ ಲೈನ್.

ಮಲ್ನಾಡ್_ಮಳೆ

ನಮ್ಮ ಕಡೆಯ ಕಥೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಕಾರನ್ನು ಒಂದೂವರೆ ತಿಂಗಳು ಕೊಟ್ಟಿಗೆಯಲ್ಲೇ ನಿಲ್ಲಿಸಿದ್ದೆ. ಆಮೇಲೆ ಬೆಲ್ಟ್ ಎಳೆದರೆ ಅಂಚು ದಾರ ದಾರ. ಇಲಿ ಕಡಿದಿದೆ. ಹೊಲಿಸಿಬಿಡೋಣ ಅಂತ ಟೈಲರ್ ಹತ್ತಿರ ಕೊಟ್ಟೆ, ಅವನೂ ಚೆನ್ನಾಗಿಯೇ ಹೊಲಿದುಕೊಟ್ಟ. ಓಕೆನಾ?

ಗ್ಯಾರೇಜ್_ಗುರು

ಇಲ್ಲ ಸ್ವಾಮಿ! ಹೊಸದೇ ಹಾಕಿಸಿ. ಜೋರಾಗಿ ಗುದ್ದಿದ ಕಾರಿನ ಬೆಲ್ಟೂ ಅಷ್ಟೇ. ಅದು ಎಳೆದು ಹಿಗ್ಗಿರುತ್ತದೆ. ಗುದ್ದಿದ ಕ್ಷಣ ಬೆಲ್ಟನ್ನು ಬಿಗಿಯಾಗಿ ಎಳೆಯುವ ಪ್ರಿಟೆನ್ಷನರ್ ಒಂದು ಸಲ ಸಿಡಿದ ಮೇಲೆ ಮತ್ತೆ ಕೆಲಸ ಮಾಡುವುದಿಲ್ಲ.

ಧಾರವಾಡ_ಪೇಡೆ

ಈ ಬೆಲ್ಟ್ ಕಂಡುಹಿಡಿದದ್ದು ಬೆಂಜ್ ಕಂಪನಿ ಅಲ್ಲೇನ್ರಿ?

ಲೆಕ್ಕದ_ಮೇಷ್ಟ್ರು

ಅಲ್ಲ. ಈಗ ನಾವು ಹಾಕುವ ಮೂರು ಕಡೆ ಹಿಡಿಯುವ ಬೆಲ್ಟ್ ಕಾರಿಗೆ ಬಂದಿದ್ದು 1959ರಲ್ಲಿ, ಸ್ವೀಡನ್ನಿನ ವೋಲ್ವೊದಲ್ಲಿ. ಮಾಡಿದವರು ನಿಲ್ಸ್ ಬೋಲಿನ್. ಅದಕ್ಕೂ ಮುಂಚೆ ಅವರು ಯುದ್ಧವಿಮಾನದ ಪೈಲಟ್ ಹೊರಕ್ಕೆ ಹಾರುವ ಸೀಟು ಮಾಡುತ್ತಿದ್ದರು. ಒಂದೇ ಕೈಯಲ್ಲಿ ಸಿಕ್ಕಿಸುವ ಹಾಗಿರಬೇಕು ಎನ್ನುವುದು ಅವರ ಹಟ. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳೂ ಬಳಸಲಿ ಎಂದು ವೋಲ್ವೊ ಬಿಟ್ಟುಕೊಟ್ಟಿತು. ನಮಗೆ ವೋಲ್ವೊ ಅಂದರೆ ಎಸಿ ಬಸ್ಸು ಮಾತ್ರ.

ಧಾರವಾಡ_ಪೇಡೆ

ಆ ಬಸ್ಸಿನಾಗೂ ಬೆಲ್ಟ್ ಇರ್ತದ. ಯಾರ ಸೊಂಟದ ಮೇಲೂ ಇರೋದಿಲ್ಲ, ಎಲ್ಲಾ ನೆಲದ ಮೇಲೆ.

ತುಮಕೂರು_ಶಶಿ

ಎಲ್ಲರಿಗೂ ಧನ್ಯವಾದ. ಇವತ್ತಿನ ವರದಿ. ನಮ್ಮ ಕಾರಿನ ಹಿಂದಿನ ಕವರನ್ನು ಅಂಗಡಿಗೆ ಒಯ್ದು ಬಕಲ್ ಬರುವ ಮೂರು ಕಡೆ ಸೀಳಿಸಿ ಅಂಚು ಹೊಲಿಸಿದೆ. 20 ನಿಮಿಷದ ಕೆಲಸ. ಅಂಗಡಿಯವ ದುಡ್ಡೇ ತೆಗೆದುಕೊಳ್ಳಲಿಲ್ಲ, "ಮೊದಲೇ ಹೇಳಿದ್ದರೆ ಹಾಗೇ ಹೊಲಿಯುತ್ತಿದ್ದೆ, ಯಾರೂ ಕೇಳಲ್ಲ" ಎಂದ. ಮಗಳ ಸೀಟು ಆರ್ಡರ್ ಮಾಡಿದ್ದೇನೆ. ಮುಂದಿನ ಸಲ ಬಾಡಿಗೆ ಕಾರು ಮಾಡುವಾಗ ಫೋನಿನಲ್ಲೇ ಕೇಳುತ್ತೇನೆ, ಹಿಂದೆ ಬಕಲ್ ಮೇಲಿದೆಯಾ ಎಂದು.

ಅಮ್ಮ ಒಪ್ಪಿದರು, ಒಂದು ಷರತ್ತಿನ ಮೇಲೆ. ಮೊದಲು ಬೆಲ್ಟ್, ಆಮೇಲೆ ಅದರ ಮೇಲೆ ಸೆರಗು. ಸುಕ್ಕು ಕಾಣುವುದಿಲ್ಲವಂತೆ. ಡಾಕ್ಟರಮ್ಮ, ಇದು ಪರವಾಗಿಲ್ವಾ?

ಡಾಕ್ಟರಮ್ಮ_ಹಾವೇರಿ

ಧಾರಾಳವಾಗಿ. ಪಟ್ಟಿ ಭುಜದ ಮೇಲೆ ಸರಿಯಾಗಿ ಕೂತು ಬಿಗಿಯಾಗಿದ್ದರೆ ಸಾಕು.

ಮಂಡ್ಯ_ಬೆಲ್ಲ

ಆದರೆ ಕ್ಯಾಮೆರಾಗೆ ಕಾಣಲ್ಲ, ಮೈಸೂರು ರಸ್ತೆಗೆ ಹೋದರೆ ನೋಟಿಸ್ ಗ್ಯಾರಂಟಿ!

ಹೈವೇ_ಬಸು

ಇವತ್ತು ಗಾಡಿ ತೊಳೆಯುವಾಗ ಹಿಂದಿನ ಕವರ್ ಎತ್ತಿ ನೋಡಿದೆ. ಎರಡು ಬಕಲ್ ಸಿಕ್ಕವು. ಜೊತೆಗೆ ಒಂದು ಪೆನ್ನು, ಏಳು ರೂಪಾಯಿ ಚಿಲ್ಲರೆ, ಹಿಡಿ ತುಂಬಾ ಕಡ್ಲೆಕಾಯಿ ಸಿಪ್ಪೆ. ಮೂರನೇ ಬಕಲ್ ಇನ್ನೂ ಹುಡುಕುತ್ತಿದ್ದೇನೆ.